ಹಸಿ ಮರದ ಪೆಟ್ಟಿಗೆ

ಷಡ್ಡಕ ಮುಂದೆ ಬಂದ ಅನ್ನೋ ಸುದ್ದಿ ಕೇಳಿದ ಮೇಲೂ ನೆಮ್ಮದಿಯಾಗಿ ಒಂದು ಮುದ್ದೆ ಇಳಿಸೋ ಗಂಡಸು ಇನ್ನೂ ಹುಟ್ಟಿಲ್ಲ ಬಿಡಿ. ಒಡಹುಟ್ಟಿದವನು ಮುಂದೆ ಬಂದರೆ ರಕ್ತ ಒಂದೇ ಅಂತ ಹೇಗೋ ಸಮಾಧಾನ ಮಾಡ್ಕೋಬಹುದು. ಷಡ್ಡಕನ ವಿಷಯದಲ್ಲಿ ಆ ಸೌಲಭ್ಯ ಇಲ್ಲ. ಒಂದೇ ಮನೆಯ ಹೆಣ್ಣುಗಳನ್ನ ತಂದವರು, ಒಂದೇ ಅತ್ತೆ ಕೈಯೂಟ ಉಂಡವರು, ಹಬ್ಬ ಬಂದರೆ ಅಕ್ಕಪಕ್ಕ ಕೂತು ನೆಂಟರ ಕಣ್ಣಿಗೆ ತೂಕಕ್ಕೆ ಬೀಳೋರು. ಯಲಹಂಕ ಪುಟ್ಟೇನಹಳ್ಳಿಯ ಭೀಮರಾಜನಿಗೂ ಅಂಥವನೊಬ್ಬ ಇದ್ದ. ಓಬಳೇಶ ಅಂತ. ಗಡಿಯಾಚೆ, ಆಂಧ್ರದ ಹಿಂದೂಪುರದ ಹತ್ತಿರ ಮರ ಕೊಯ್ಯೋ ಸಾಮಿಲ್ಲು ಇಟ್ಟುಕೊಂಡಿದ್ದ.

ಹಾಗೆ ನೋಡಿದರೆ ಮೊದಲ ಹದಿನೈದು ವರ್ಷ ಭೀಮರಾಜನಿಗೆ ಯಾವ ಸಂಕಟವೂ ಇರಲಿಲ್ಲ. ಅಮೃತಹಳ್ಳಿಯ ಮುನಿಕೆಂಪಮ್ಮ ದೊಡ್ಡ ಮಗಳು ಗೋಪಾಲಮ್ಮನನ್ನ ಇವನಿಗೆ ಕೊಟ್ಟಾಗ, ಮಗಳು ಕಣ್ಣಳತೆಯಲ್ಲೇ ಇದಾಳೆ ಅಂತ ಬೀಗಿದ್ದಳು. ಚಿಕ್ಕವಳು ಅಶ್ವತ್ಥಮ್ಮನನ್ನ ಓಬಳೇಶನಿಗೆ ಕೊಟ್ಟಾಗ ನೆಂಟರೆಲ್ಲ ಲೊಚಗುಟ್ಟಿದ್ದರು. ನೀರಿಲ್ಲದ ಸೀಮೆ, ಮಾತು ಅರ್ಧ ತೆಲುಗು, ಬಿಸಿಲಿಗೆ ಹುಡುಗಿ ಕರ್ರಗಾಗ್ತಾಳೆ ಅಂತ. ಹಾಗೆ ಲೊಚಗುಟ್ಟಿದವರಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವನೇ ಭೀಮರಾಜ. ಓಬಳೇಶ ಹಬ್ಬಕ್ಕೆ ಬಂದರೆ ಹೆಗಲ ಮೇಲೆ ಕೈ ಹಾಕಿ, "ಏನೋ ಓಬಳೇಶ, ನಿಮ್ಮೂರಿಗೆ ಬಸ್ಸು ಬಂತೇನೋ?" ಅಂತ ನಾಲ್ಕು ಜನರ ಮುಂದೆ ಕೇಳೋನು. ಓಬಳೇಶ ನಗೋನು. ಭೀಮರಾಜನಿಗೆ ಅವತ್ತು ನಿದ್ದೆ ಚೆನ್ನಾಗಿ ಬರೋದು.

ಭೀಮರಾಜನದು ಮರದ ಪೆಟ್ಟಿಗೆ ಮಾಡೋ ಶೆಡ್ಡು, ಪುಟ್ಟೇನಹಳ್ಳಿ ಕೆರೆಯ ಹಿಂದೆ. ಹದಿನಾಲ್ಕು ಜನ ಕೆಲಸಗಾರರು, ಅವರ ಮೇಲೆ ದಸ್ತಗೀರ್ ಅನ್ನೋ ಮೇಸ್ತ್ರಿ. ಯಲಹಂಕದ ಪಂಪ್ ಕಾರ್ಖಾನೆಯಿಂದ ಪರದೇಶಕ್ಕೆ ಹೋಗೋ ಒಂದೊಂದು ಪಂಪೂ ಹತ್ತೊಂಬತ್ತು ವರ್ಷದಿಂದ ಇವನ ಪೆಟ್ಟಿಗೆಯಲ್ಲಿ ಕೂತೇ ಹಡಗು ಹತ್ತಿದ್ದು. ಬೇರೆ ಗಿರಾಕಿ ಇರಲಿಲ್ಲ, ಬೇಕು ಅಂತ ಇವನು ಹುಡುಕಲೂ ಇಲ್ಲ. ಕಾರ್ಖಾನೆಯಲ್ಲಿ ಖರೀದಿ ನೋಡಿಕೊಳ್ಳೋ ನಯೀಮ್ ಸಾಹೇಬರಿಗೆ ಇವನ ಮೇಲೆ ಅಷ್ಟು ನಂಬಿಕೆ. ಭೀಮರಾಜ್ ಪೆಟ್ಟಿಗೆ ಅಂದ ಮೇಲೆ ತಟ್ಟಿ ನೋಡೋ ಅಗತ್ಯ ಇಲ್ಲ ಅಂತ ಹೊಸದಾಗಿ ಸೇರಿದವರಿಗೆಲ್ಲ ಹೇಳೋರು.

ಹೋದ ವರ್ಷ ಆ ಕಂಪನಿಯವರು, ದೊಡ್ಡದೊಂದು ಹೊಸ ಕಾರ್ಖಾನೆ ಕಟ್ತೀವಿ, ಯಲಹಂಕದ್ದನ್ನ ಮುಚ್ಚಿ ಎಲ್ಲಾ ಅಲ್ಲಿಗೇ ಸಾಗಿಸ್ತೀವಿ ಅಂದರು. ಎಲ್ಲಿ ಅಂತ ಹೇಳಲಿಲ್ಲ. ಅಷ್ಟು ಸಾಕಾಯಿತು. ನಮ್ಮ ಸರ್ಕಾರ ದೊಡ್ಡಬಳ್ಳಾಪುರದ ಆಚೆ ಜಾಗ ತೋರಿಸಿತು, ಆ ಸರ್ಕಾರ ಹಿಂದೂಪುರದ ಪಕ್ಕದಲ್ಲಿ ತೋರಿಸಿತು. ಒಂದೇ ಹೆಣ್ಣಿನ ಮನೆಗೆ ಎರಡು ಗಂಡಿನ ಕಡೆಯವರು ಒಂದೇ ದಿನ ಬಂದು ಕೂತ ಹಾಗಾಯಿತು. ಇವರು ಜಾಗಕ್ಕೆ ರಿಯಾಯಿತಿ ಅಂದರೆ ಅವರು ಕರೆಂಟಿಗೂ ರಿಯಾಯಿತಿ ಅನ್ನೋರು. ಅವರು ಪೈಪಲ್ಲಿ ನೀರು ತರ್ತೀವಿ ಅಂದರೆ ಇವರು ಗೇಟಿನ ತನಕ ರಸ್ತೆ ಹಾಕ್ತೀವಿ ಅನ್ನೋರು. ಟೀವಿಯಲ್ಲಿ ದಿನಾ ಇದೇ ರಾಮಾಯಣ. ನಮ್ಮ ಕೈಗಾರಿಕೆ ಕದೀತಿದಾರೆ ಅಂತ ಇಲ್ಲಿಯವರು, ಇಟ್ಕೊಳ್ಳೋ ಯೋಗ್ಯತೆ ಇದ್ದಿದ್ರೆ ಅವರ್ಯಾಕೆ ಬರ್ತಿದ್ರು ಅಂತ ಅಲ್ಲಿಯವರು. ಭೀಮರಾಜ ಕ್ರಿಕೆಟ್ ಮ್ಯಾಚು ನೋಡೋರ ಹಾಗೆ ತೊಡೆ ತಟ್ಟಿಕೊಂಡು ಅದರ ಮುಂದೆ ಕೂರೋನು.

ಅವನಿಗೆ ನಾಡು ನುಡಿಯ ಅಭಿಮಾನ ಉಕ್ಕಿ ಬಂದಿತ್ತು ಅಂತ ತಿಳ್ಕೋಬೇಡಿ. ರಿಯಾಯಿತಿ ಕೊಡೋ ಸರ್ಕಾರ ಯಾವುದೇ ಆಗಲಿ, ಪೆಟ್ಟಿಗೆ, ಕ್ಯಾಂಟೀನು, ವ್ಯಾನು ಇಂಥ ಕೆಲಸವನ್ನೆಲ್ಲ ತನ್ನ ರಾಜ್ಯದ ವಿಳಾಸ ಇರೋರಿಗೇ ಕೊಡಬೇಕು ಅಂತ ಷರತ್ತು ಹಾಕಿತ್ತು. ಕಾರ್ಖಾನೆ ಇಲ್ಲಿ ಉಳಿದರೆ ಭೀಮರಾಜ ಉಳಿದ. ಅಲ್ಲಿಗೆ ಹೋದರೆ ಶೆಡ್ಡಿಗೆ ಬೀಗ. ಅದೂ ಹೋಗಲಿ ಅನ್ನಿ, ಆ ಹಿಂದೂಪುರದ ಜಾಗದಿಂದ ಓಬಳೇಶನ ಸಾಮಿಲ್ಲಿಗೆ ಬರೀ ನಾಲ್ಕು ಕಿಲೋಮೀಟರು. ಶೆಡ್ಡಿಗೆ ಬೀಗ ಬೀಳೋದನ್ನ ನೆನೆಸಿಕೊಂಡರೆ ಭೀಮರಾಜನಿಗೆ ಭಯ ಆಗೋದು. ಈ ನಾಲ್ಕು ಕಿಲೋಮೀಟರು ನೆನೆಸಿಕೊಂಡರೆ ಮೈಯೆಲ್ಲ ಉರಿಯೋದು.

ಕಂಪನಿಯ ದೊಡ್ಡವರು ಜರ್ಮನಿಯಿಂದ ಎರಡೂ ಜಾಗ ನೋಡೋಕೆ ಬಂದರು. ನಮ್ಮವರು ಏನು ಮಾಡಿದರು ಕೇಳಿ. ಬೆಳಿಗ್ಗೆ ಊರೊಳಗೆ ಮೀಟಿಂಗು ಮುಗಿಸಿ ಕರ್ಕೊಂಡು ಹೊರಟವರು ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡರು. ಅಲ್ಲೇ ಒಂದೂವರೆ ಗಂಟೆ. ಜಾಗ ಮುಟ್ಟೋ ಹೊತ್ತಿಗೆ ಶಾಮಿಯಾನದ ಕೆಳಗೆ ಕಾಯ್ತಿದ್ದ ಅಧಿಕಾರಿಗಳು ಹಸಿವು ತಾಳದೆ ಊಟ ಮುಗಿಸಿ ಕೈ ತೊಳೀತಿದ್ದರು. ಮಾರನೇ ದಿನ ಆಚೆಯವರು ಗಡಿಗೇ ಬಂದು ಶಾಲು ಹೊದಿಸಿ ಕರ್ಕೊಂಡು ಹೋದರಂತೆ. ಮಣ್ಣು ಪರೀಕ್ಷೆಯ ಕಾಗದ ಕೂಡ ಜರ್ಮನ್ ಭಾಷೆಯಲ್ಲೇ ಅಚ್ಚು ಹಾಕಿಸಿ ಇಟ್ಟಿದ್ದರಂತೆ. ಇದನ್ನೆಲ್ಲ ಹೇಳಿದ್ದು ಓಬಳೇಶ, ವಾಟ್ಸಾಪಲ್ಲಿ, ಫೋಟೋ ಸಮೇತ. ಒಂದು ಫೋಟೋದಲ್ಲಿ ಅವನೇ ಇಸ್ತ್ರಿ ಅಂಗಿ ಹಾಕಿಕೊಂಡು ಜರ್ಮನ್ನರ ಹಿಂದೆ ಜನರ ಮಧ್ಯೆ ಹಲ್ಲು ಬಿಟ್ಟು ನಿಂತಿದ್ದ. ಭೀಮರಾಜ ಆ ಫೋಟೋನ ಬೆರಳಲ್ಲಿ ಎಳೆದು ದೊಡ್ಡದು ಮಾಡಿ, ಷಡ್ಡಕನ ಹಲ್ಲನ್ನೇ ನೋಡಿ, ಮೊಬೈಲನ್ನ ಮಂಚದ ಮೇಲೆ ಎಸೆದ.

"ಯಾಕ್ರೀ, ಏನಾಯ್ತು?" ಅಂದಳು ಗೋಪಾಲಮ್ಮ.

"ನಿನ್ ತಂಗಿ ಗಂಡ ಮಂತ್ರಿ ಆಗೋ ಹಂಗವ್ನೆ. ಹೋಗಿ ಆರತಿ ಎತ್ತು."

ಸಂಕ್ರಾಂತಿ ಕಳೆದು ವಾರಕ್ಕೆ ತೀರ್ಮಾನ ಬಂತು. ಕಾರ್ಖಾನೆ ಹಿಂದೂಪುರಕ್ಕೆ. ನಯೀಮ್ ಸಾಹೇಬರು ಭೀಮರಾಜನನ್ನ ಕರೆಸಿ, ಟೀ ಕೊಟ್ಟು, ತಾವೇ ಹೇಳಿದರು.

"ಮೇಲಿನವರ ತೀರ್ಮಾನ ಭೀಮರಾಜ್, ನಂದೇನೂ ನಡೆಯಲ್ಲ. ಒಂದು ವರ್ಷ ಟೈಮ್ ಇದೆ. ಅಲ್ಲಿ ಸರಿಯಾಗಿ ಪೆಟ್ಟಿಗೆ ಮಾಡೋರು ಯಾರೂ ಸಿಗದೇ ಹೋದ್ರೆ, ಮೇಲೆ ಮಾತಾಡಿ ಷರತ್ತು ಸಡಿಲ ಮಾಡಿಸಿ ನಿಮ್ಮತ್ರಾನೇ ತರಿಸ್ತೀನಿ. ಸಿಕ್ಬಿಟ್ರೆ ನಾನೇನೂ ಮಾಡೋಕಾಗಲ್ಲ."

ಸಿಗದೇ ಹೋದ್ರೆ. ಆ ಒಂದು ಮಾತನ್ನ ಭೀಮರಾಜ ಜೇಬಲ್ಲಿ ಹಾಕಿಕೊಂಡು ಮನೆಗೆ ಬಂದ.

ನಾಲ್ಕನೇ ದಿನಕ್ಕೆ ಓಬಳೇಶನ ಫೋನು. "ಅಣ್ಣಾ, ಊಟ ಆಯ್ತಾ? ಒಂದು ಕೆಲಸ ಆಗ್ಬೇಕಿತ್ತು. ಕಂಪನಿಯವರು ಸ್ಯಾಂಪಲ್ ಪೆಟ್ಟಿಗೆ ಕೇಳಿದಾರೆ. ನಂಗೆ ಮರ ಕೊಯ್ಯೋದು ಗೊತ್ತೇ ಹೊರ್ತು ಪೆಟ್ಟಿಗೆ ಹೊಡೆಯೋದು ಗೊತ್ತಿಲ್ಲ. ಒಂದು ನೀವೇ ಮಾಡ್ಕೊಡ್ಬೇಕಣ್ಣ."

ಭೀಮರಾಜ ಮೊಬೈಲನ್ನ ಇನ್ನೊಂದು ಕಿವಿಗೆ ಬದಲಾಯಿಸಿದ. ನನ್ನ ಎಲೆ ಮೇಲಿನ ಊಟ ಕಿತ್ಕೊಂಡಿದ್ದಲ್ಲದೆ, ಅದನ್ನ ನಾನೇ ಇವನಿಗೆ ಬಡಿಸಬೇಕಂತೆ. ಎಷ್ಟು ಕೊಬ್ಬು ಇರಬೇಕು. ಆದರೆ ಬಾಯಿಂದ ಬಂದಿದ್ದು ಬೇರೆ. "ಅದಕ್ಕೇನಂತೆ ಕಣೋ, ಮಾಡ್ಕೊಡೋಣ. ನೀನೇನ್ ಬೇರೆಯವ್ನಾ?" ಅಂದ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಅಂತಾರಲ್ಲ, ಆ ಜಾತಿ.

"ಇನ್ನೊಂದ್ ವಿಷ್ಯ ಇದೆ ಅಣ್ಣಾ. ಈಗ ಬೇಡ. ಯುಗಾದಿಗೆ ಅತ್ತೆ ಮನೇಲಿ ಸಿಗ್ತೀವಲ್ಲ, ಆಗ ಹೇಳ್ತೀನಿ. ಆಗೋಕ್ ಮುಂಚೆ ಬಾಯ್ಬಿಟ್ರೆ ಕಣ್ಣು ಬೀಳುತ್ತೆ."

ಹೊಸ ಕಾರು ತಗೊಂಡಿರ್ತಾನೆ, ಇಲ್ಲಾ ಮಹಡಿ ಕಟ್ಟಿಸ್ತಿ‌ದಾನೆ, ಅದನ್ನ ಎಲ್ಲರ ಮುಂದೆ ಹೇಳಿ ನನ್ನ ಮುಖ ನೋಡ್ಬೇಕು ಅಂತಿದಾನೆ. ಭೀಮರಾಜ ಅಷ್ಟರಲ್ಲೇ ಲೆಕ್ಕ ಹಾಕಿ ಮುಗಿಸಿದ್ದ.

ಪೆಟ್ಟಿಗೆ ಕೆಲಸದಲ್ಲಿ ಎಲ್ಲದಕ್ಕಿಂತ ಮೊದಲು ಗೊತ್ತಿರಬೇಕಾದ್ದು ಒಂದೇ, ಮರ ಒಣಗಿರಬೇಕು. ಹಸಿ ಮರಕ್ಕೆ ಮೊಳೆ ಹೊಡೆದರೆ ಅವತ್ತಿಗೆ ಕಲ್ಲಿನ ಹಾಗೆ ಕಚ್ಚಿಕೊಳ್ಳುತ್ತೆ. ಹದಿನೈದು ದಿನ ಬಿಸಿಲು ಕಂಡು ಮರ ಸೊರಗಿತು ಅಂದರೆ ಹಲಗೆ ತಿರುಚಿಕೊಳ್ಳುತ್ತೆ, ಮೊಳೆ ಸಡಿಲ ಆಗುತ್ತೆ, ಆಮೇಲೆ ಭಾರ ಇಟ್ಟು ಎತ್ತಿದರೆ ತಳ ಕಳಚಿ ಬೀಳುತ್ತೆ. ಅದರಲ್ಲೂ ನೀಲಗಿರಿ ಮರ ಈ ವಿಷಯದಲ್ಲಿ ಹೆಸರುವಾಸಿ. ಭೀಮರಾಜ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಹಿಂದಿನ ದಿನ ತಾನೆ ಕಡಿದ ನೀಲಗಿರಿ ಕೊಯ್ಸಿ ತಂದು ಶೆಡ್ಡಿಗೆ ಇಳಿಸಿದ. ದಸ್ತಗೀರ್ ಬಂದು ಒಂದು ಹಲಗೆ ಮೇಲೆ ಅಂಗೈ ಇಟ್ಟ.

"ಭೀಮಣ್ಣ, ಇದು ಹಸಿ ಮರ. ನೀರು ಸುರೀತಾ ಇದೆ."

"ಗೊತ್ತು."

"ಯಾರಿಗೆ ಇದು?"

"ನೆಂಟರಿಗೆ. ಓಬಳೇಶಂಗೆ ಒಂದು ಸ್ಯಾಂಪಲ್."

ದಸ್ತಗೀರ್ ಅಂಗೈಯನ್ನ ಪ್ಯಾಂಟಿಗೆ ಒರೆಸಿಕೊಂಡ. ಇಪ್ಪತ್ತು ವರ್ಷದ ನೋಟ ಅದು, ಏನು ಎತ್ತ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. "ನನ್ ಕೈಲಿ ಆಗಲ್ಲ ಭೀಮಣ್ಣ. ನಾನೂ ಹಸಿ ಮರಕ್ಕೆ ಮೊಳೆ ಹೊಡೆದಿಲ್ಲ, ನಮ್ಮ ಅಬ್ಬಾನೂ ಹೊಡೆದಿಲ್ಲ. ಹುಡುಗರಿಗೂ ಹೇಳಬೇಡಿ. ಬೇಕೇ ಬೇಕು ಅಂದ್ರೆ ನೀವೇ ಹೊಡ್ಕೊಳ್ಳಿ."

ಭೀಮರಾಜ ತಾನೇ ಹೊಡೆದ. ಭಾನುವಾರ ಶೆಡ್ಡಿಗೆ ರಜಾ, ಒಬ್ಬನೇ ಬಂದು ಕೂತ. ಸುತ್ತಿಗೆ ಹಿಡಿದು ಹತ್ತು ವರ್ಷ ಆಗಿತ್ತು. ಎರಡು ಸಲ ಹೆಬ್ಬೆರಳಿಗೇ ಬಿತ್ತು, ಉಗುರು ನೀಲಿಗಟ್ಟಿತು. ಆದರೂ ಅವನು ಆ ಪೆಟ್ಟಿಗೆ ಮಾಡಿದ್ದು ಎಂಥ ಶ್ರದ್ಧೆಯಿಂದ ಅಂತೀರಿ. ಮೂಲೆ ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಒಳ್ಳೇ ಕೆಲಸಕ್ಕೆ ಅಷ್ಟು ಮನಸ್ಸಿಟ್ಟಿದ್ದರೆ ಇಷ್ಟು ಹೊತ್ತಿಗೆ ಮೂರು ಶೆಡ್ಡು ಕಟ್ಟಿರೋನು. ಮಧ್ಯಾಹ್ನ ಗೋಪಾಲಮ್ಮ ಕಾಫಿ ತಂದಳು.

"ಇದೇನ್ರೀ, ನೀವೇ ಕೂತಿದೀರ? ದಸ್ತಗೀರಣ್ಣ ಬರ್ಲಿಲ್ವಾ?"

"ನಿನ್ ತಂಗಿ ಗಂಡನಿಗೆ. ಪ್ರೀತಿಯಿಂದ ನಾನೇ ಮಾಡ್ತಿದೀನಿ."

ಅವಳು ಲೋಟ ಇಡೋಕೆ ಅಂತ ಪೆಟ್ಟಿಗೆ ಮೇಲೆ ಕೈ ಊರಿದಳು. ಕೈ ತೇವ ಆಯಿತು. ಕೈಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ, ಸೆರಗಿಗೆ ಒರೆಸಿಕೊಂಡು ಹೋದಳು. ಭೀಮರಾಜ ಸಂಜೆಯ ತನಕ ಕೂತು ಪೆಟ್ಟಿಗೆಗೆ ಎಣ್ಣೆ ಉಜ್ಜಿದ. ಹಸಿ ಮುಚ್ಚಿಹೋಗಿ ಹೊಳಪು ಬಂತು. ಹೊರಗೆ ಹೋಗೋ ಪ್ರತಿ ಪೆಟ್ಟಿಗೆಗೂ ಶೆಡ್ಡಿನ ನಂಬರಿರೋ ಸೀಲು ಒತ್ತೋದು ಪದ್ಧತಿ. ಇದಕ್ಕೆ ಒತ್ತಲಿಲ್ಲ. ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಾಗೋ ಹಾಗಿರಲಿಲ್ಲ.

ಮಾರನೇ ದಿನ ಓಬಳೇಶ ಟೆಂಪೋ ತಂದ. ಜೊತೆಗೆ ಒಂದು ಮೂಟೆ ಕಡಲೆಕಾಯಿ, ಅಕ್ಕನಿಗೆ ಅಂತ. ಪೆಟ್ಟಿಗೆ ಸುತ್ತ ಪ್ರದಕ್ಷಿಣೆ ಹಾಕಿ, ಮೂಲೆ ಸವರಿ, "ಏನ್ ಕೈ ಅಣ್ಣಾ ನಿಮ್ದು" ಅಂದ. ಹೊಗಳಿಕೆ ಕೇಳಿ ಭೀಮರಾಜನಿಗೆ ಒಳಗೊಳಗೇ ಖುಷಿಯೂ ಆಯಿತು ನೋಡಿ, ಮನುಷ್ಯ ಎಂಥವನು ಅಂತ. ಟೆಂಪೋಗೆ ಎತ್ತುವಾಗ ಓಬಳೇಶ ಒಂದು ಕಡೆ ಹಿಡಿದ. ಹಿಡಿದವನು ಅಲ್ಲೇ ನಿಂತ.

"ಭಾರ ಇದೆಯಲ್ಲಣ್ಣ?"

ಭೀಮರಾಜ ಬೇಗ ಇನ್ನೊಂದು ಕಡೆಗೆ ಕೈ ಕೊಟ್ಟ. ದಿನಾ ಮರ ಕೊಯ್ಯೋ ಕೈ ಅದು. "ದಪ್ಪ ಹಲಗೆ ಹಾಕಿದೀನಿ. ನಿಂಗೆ ಅಂತ" ಅಂದ.

ಓಬಳೇಶ ಅವನ ಮುಖ ನೋಡಿದ. ಆಮೇಲೆ, "ನೀವ್ ಹೇಳಿದ್ ಮೇಲೆ ಮುಗೀತಣ್ಣ" ಅಂತ ಹಗ್ಗ ಬಿಗಿದು ಹೊರಟ.

ಅಲ್ಲಿಂದ ಹದಿನೇಳು ದಿನ ಭೀಮರಾಜ ಸುಖವಾಗಿದ್ದ. ಬೆಳಿಗ್ಗೆ ಎದ್ದು ಬಿಸಿಲು ಎಷ್ಟಿದೆ ಅಂತ ನೋಡೋನು. ಬಿಸಿಲು ಜೋರಾಗಿದ್ದಷ್ಟೂ ಅವನ ಮನಸ್ಸು ತಂಪಾಗೋದು. ಹದಿನೆಂಟನೇ ದಿನ ನಯೀಮ್ ಸಾಹೇಬರ ಫೋನು ಬಂತು. "ನಾಳೆ ಆಫೀಸಿಗೆ ಬನ್ನಿ ಭೀಮರಾಜ್" ಅಂತ, ಅಷ್ಟೇ. ಭೀಮರಾಜ ಹೊಸ ಬಿಳಿ ಅಂಗಿ ಹಾಕಿಕೊಂಡ. "ಕೆಲಸ ಉಳೀತು ಕಣೇ, ಬರ್ತಾ ಮೈಸೂರ್ ಪಾಕ್ ತರ್ತೀನಿ" ಅಂತ ಹೆಂಡತಿಗೆ ಹೇಳಿ ಹೋದ.

ಸಾಹೇಬರು ಮೇಜಿನ ಮೇಲೆ ಫೋಟೋ ಹರಡಿದರು. ಪೆಟ್ಟಿಗೆಯೊಳಗೆ ಪಂಪ್ ಇಟ್ಟು ಎರಡು ವಾರ ಬಿಸಿಲಲ್ಲಿ ಬಿಟ್ಟು ಆಮೇಲೆ ಕ್ರೇನಲ್ಲಿ ಎತ್ತೋದು ಕಂಪನಿಯ ಪರೀಕ್ಷೆ. ಎತ್ತಿದಾಗ ತಳ ಕಳಚಿತ್ತು. ಪಂಪ್ ನೆಲಕ್ಕೆ ಬಿದ್ದು ಬಾಯಿ ಬಿಟ್ಟಿತ್ತು.

"ಪುಣ್ಯ, ಯಾರ ಕಾಲ್ ಮೇಲೂ ಬೀಳಲಿಲ್ಲ" ಅಂದರು ಸಾಹೇಬರು.

"ಅಯ್ಯೋ ಪಾಪ ಸಾರ್. ಹೊಸಬ, ಅನುಭವ ಇಲ್ಲ. ನಾನು ಮೊದಲೇ ಅಂದ್ಕೊಂಡಿದ್ದೆ" ಅಂದ ಭೀಮರಾಜ. ಮುಖ ಸಪ್ಪಗೆ ಮಾಡಿಕೊಳ್ಳೋಕೆ ಅವನು ಕಷ್ಟಪಡ್ತಿದ್ದ.

ಸಾಹೇಬರು ಡ್ರಾಯರಿಂದ ಒಂದು ಕಾಗದ ತೆಗೆದು ಅವನ ಮುಂದೆ ತಳ್ಳಿದರು. ಓಬಳೇಶ ಕಂಪನಿಗೆ ಕೊಟ್ಟಿದ್ದ ಅರ್ಜಿ. ಭೀಮರಾಜ ಓದಿದ. ಮೇಲೆ ದಪ್ಪ ಅಕ್ಷರದಲ್ಲಿ ಎರಡು ಹೆಸರಿತ್ತು. ಮೊದಲನೆಯದು ಅವನದು.

"ಪಾಲುದಾರಿಕೆ" ಅಂದರು ಸಾಹೇಬರು. "ವಿಳಾಸ ಅವರದು, ಹಾಗಾಗಿ ಆ ಸರ್ಕಾರದ ಷರತ್ತಿಗೆ ಸರಿಹೋಗುತ್ತೆ. ಸಾಮಿಲ್ಲಿನ ಪಕ್ಕ ಶೆಡ್ ಕಟ್ಟಿಸ್ತಿದಾರೆ. ಮರ ಅವರದು, ಪೆಟ್ಟಿಗೆ ಕೆಲಸ ಪೂರ್ತಿ ನಿಮ್ಮದು, ನಿಮ್ಮ ಹದಿನಾಲ್ಕು ಜನಾನೂ ಅಲ್ಲಿಗೆ ಬರ್ತಾರೆ ಅಂತ ಬರೆದಿದಾರೆ. ಸ್ಯಾಂಪಲ್ ಕೂಡ ಅಣ್ಣನ ಕೈಯಲ್ಲೇ ಮಾಡಿಸಿದ್ದು ಅಂತ ಹೇಳಿದ್ರು. ನಿಮಗೆ ಮಾತ್ರ ಹೇಳ್ಬೇಡಿ, ಆರ್ಡರ್ ಕೈಗೆ ಬಂದ್ಮೇಲೆ ಹಬ್ಬದಲ್ಲಿ ನಾನೇ ಹೇಳ್ತೀನಿ, ಮುಂಚೆ ಕೇಳಿದ್ರೆ ತಮ್ಮನ ಹಂಗು ಬೇಡ ಅಂತ ಒಪ್ಪಲ್ಲ ಅಂತ ನನ್ ಹತ್ರ ಕೈ ಮುಗಿದು ಕೇಳ್ಕೊಂಡ್ರು. ನಾನೂ ಸುಮ್ಮನಿದ್ದೆ. ಭೀಮರಾಜ್ ಪೆಟ್ಟಿಗೆಗೆ ಪರೀಕ್ಷೆ ಏನು, ಹೆಸರಿಗೆ ಮಾತ್ರ ಅಂದ್ಕೊಂಡಿದ್ದೆ."

ಕಾಗದದ ಕೆಳಗೆ ಎರಡು ಸಹಿಗೆ ಜಾಗ ಇತ್ತು. ಎರಡನೆಯದರಲ್ಲಿ ಓಬಳೇಶನ ಸಹಿ. ಮೊದಲನೆಯದು ಖಾಲಿ. ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದ ಅನ್ನೋ ಗಾದೆ ಎಲ್ಲರೂ ಕೇಳಿರ್ತೀವಿ. ಕೊಯ್ದ ಮೂಗನ್ನ ಕೈಯಲ್ಲಿ ಹಿಡಿದು ಕೂರೋದು ಹೇಗಿರುತ್ತೆ ಅಂತ ಭೀಮರಾಜನಿಗೆ ಅವತ್ತು ಗೊತ್ತಾಯಿತು.

"ಓಬಳೇಶ್ ಏನ್ ಹೇಳ್ತಾರೆ ಗೊತ್ತಾ?" ಸಾಹೇಬರು ಕನ್ನಡಕ ತೆಗೆದರು. "ಪೆಟ್ಟಿಗೆನ ಬಯಲಲ್ಲಿ ಬಿಟ್ಟಿದ್ದೆ, ಮಳೆಗೆ ನೆನೆದುಹೋಯ್ತು, ತಪ್ಪು ನಂದು, ಅಣ್ಣನ ಕೆಲಸದಲ್ಲಿ ದೋಷ ಇಲ್ಲ ಅಂತಾರೆ. ಸಂಕ್ರಾಂತಿಯಿಂದ ಈಚೆಗೆ ಆ ಕಡೆ ಒಂದು ಹನಿ ಬಿದ್ದಿದೆಯಾ ಭೀಮರಾಜ್? ಹಸಿ ಮರ ಅಂತ ಫೋಟೋ ನೋಡೇ ನನಗೆ ಗೊತ್ತಾಯ್ತು. ಮರ ಕೊಯ್ಯೋ ಮನುಷ್ಯ, ಅವರಿಗೆ ಗೊತ್ತಾಗಿಲ್ವಾ?"

ಈಗಲಾದರೂ ಬಾಯಿ ಬಿಡಬಹುದಿತ್ತು. ಹತ್ತೊಂಬತ್ತು ವರ್ಷ ನಂಬಿದ ಮನುಷ್ಯ ಎದುರಿಗೆ ಕೂತು, ಹೇಳಿ ಅನ್ನೋ ಹಾಗೆ ನೋಡ್ತಿದ್ದ. ಭೀಮರಾಜ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ.

"ಮಳೆ ಬಂದಿರ್ಬಹುದು ಸಾರ್" ಅಂದ.

ಸಾಹೇಬರು ಅರ್ಜಿಯನ್ನ ವಾಪಸ್ ತಗೊಂಡು ಡ್ರಾಯರಿಗೆ ಹಾಕಿದರು. ಜರ್ಮನಿಯವರು ಫೋಟೋ ನೋಡಿದಾರೆ, ಪೆಟ್ಟಿಗೆ ಕೆಲಸ ಹೊಸೂರಿನ ದೊಡ್ಡ ಕಂಪನಿಯೊಂದಕ್ಕೆ ಹೋಯ್ತು, ಅವರು ಹಿಂದೂಪುರದಲ್ಲೇ ಒಂದು ಶಾಖೆ ತೆಗೀತಾರೆ, ಯಲಹಂಕದ್ದೂ ಮುಂದಿನ ತಿಂಗಳಿಂದ ಅವರದೇ ಅಂತ ಹೇಳಿದರು. ಕರ್ನಾಟಕವೂ ಆಂಧ್ರವೂ ವರ್ಷವಿಡೀ ಜುಟ್ಟು ಹಿಡಿದು ಎಳೆದಾಡಿದ್ದೇ ಬಂತು. ಭೀಮರಾಜನ ಪೆಟ್ಟಿಗೆ ತಮಿಳುನಾಡಿನ ಪಾಲಾಯಿತು.

ಅವನು ಮೈಸೂರ್ ಪಾಕ್ ಇಲ್ಲದೆ ಮನೆಗೆ ಬಂದ. ಶೆಡ್ಡಲ್ಲಿ ವಿಷಯ ಹೇಳಿದಾಗ ಹುಡುಗರೆಲ್ಲ ಒಂದೇ ಸಲ ಮಾತಾಡಿದರು. ದಸ್ತಗೀರ್ ಮಾತ್ರ, "ಆ ಪೆಟ್ಟಿಗೆನಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ತನ್ನ ಸುತ್ತಿಗೆ, ಉಳಿ ಎಲ್ಲ ಚೀಲಕ್ಕೆ ಹಾಕಿಕೊಂಡ.

ಭೀಮರಾಜನಿಗೆ ಪಶ್ಚಾತ್ತಾಪ ಆಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಆಯಿತು. ನಾಲ್ಕು ದಿನ ಅನ್ನ ಸೇರಲಿಲ್ಲ. ಆದರೆ ಆ ಪಶ್ಚಾತ್ತಾಪದ ಪಕ್ಕದಲ್ಲೇ ಹಳೇ ಉರಿಯೂ ಕಾಲು ಚಾಚಿ ಕೂತಿತ್ತು. ನನ್ನ ಹೆಸರು ಮೊದಲು ಬರೆಯೋಕೆ ಇವನ್ಯಾರು? ನನಗೆ ಜಾಗ ಕೊಡೋಷ್ಟು ದೊಡ್ಡವನಾದನಾ? ಮುಂಚೆ ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗ್ತಿತ್ತು? ಹೀಗೆ ಯೋಚನೆ ಮಾಡಿದಾಗ ಒಂದು ಗಳಿಗೆ ಹಾಯ್ ಅನಿಸೋದು. ಆಮೇಲೆ ಆ ಖಾಲಿ ಬಿಟ್ಟ ಸಹಿಯ ಜಾಗ ಕಣ್ಣಿಗೆ ಕಟ್ಟೋದು.

ಯುಗಾದಿಯ ಮಾರನೇ ದಿನ ಹೊಸತೊಡಕು. ಅಮೃತಹಳ್ಳಿಯಲ್ಲಿ ಮುನಿಕೆಂಪಮ್ಮನ ಮನೆಯಲ್ಲಿ ಬಾಡೂಟ, ನೆಂಟರಿಷ್ಟರೆಲ್ಲ ಸೇರೋದು. ಭೀಮರಾಜ ತಲೆನೋವು ಅಂದ. ಗೋಪಾಲಮ್ಮ ಕೇಳಲಿಲ್ಲ. "ಎದ್ದೇಳಿ. ಹೋಗ್ಬೇಕು" ಅಂದಳು, ಅಷ್ಟೇ. ಆ ಪೆಟ್ಟಿಗೆ ಹೋದಾಗಿನಿಂದ ಅವಳು ಅವನ ಜೊತೆ ಹೆಚ್ಚು ಮಾತಾಡಿರಲಿಲ್ಲ.

ನಡುಮನೆಯಲ್ಲಿ ಎಲೆ ಹಾಕಿದ್ದರು. ದೊಡ್ಡಳಿಯ ಅಂತ ಭೀಮರಾಜನನ್ನ ಮೊದಲ ಎಲೆಗೆ ಕೂರಿಸಿದರು, ಪಕ್ಕದಲ್ಲಿ ಓಬಳೇಶ. ಮುದ್ದೆ ಬಂತು, ಸಾರು ಬಂತು. ಮುನಿಕೆಂಪಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಓಬಳೇಶನ ಎದುರಿಗೆ ಬಂದು ನಿಂತಳು. ಸುದ್ದಿ ಅವಳಿಗೆ ಚಿಕ್ಕ ಮಗಳ ಬಾಯಿಂದ ಮುಟ್ಟಿತ್ತು, ಓಬಳೇಶ ಹೇಳಿಕೊಟ್ಟ ಹಾಗೆ.

"ಅಲ್ಲ ಕಣಪ್ಪ, ಪೆಟ್ಗೆನ ಆಚೆ ಬುಟ್ಟು ಮಳೇಲಿ ನೆನೆಸೋದಾ? ಅಷ್ಟೂ ಗ್ಯಾನ ಬ್ಯಾಡ್ವಾ? ದೊಡ್ಡೋನು ಕೈಯಾರ ಮಾಡ್ಕೊಟ್ಟ. ಅವನ ಅನ್ನಕ್ಕೇ ಕಲ್ಲಾಕ್ದಲ್ಲಪ್ಪ."

ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಲೊಚಗುಟ್ಟಿದರು. ಓಬಳೇಶ ತಲೆ ಬಗ್ಗಿಸಿದ. "ತಪ್ಪಾಯ್ತತ್ತೆ" ಅಂದ. ಆಮೇಲೆ ಭೀಮರಾಜನ ಕಡೆ ತಿರುಗಿ, "ಅಣ್ಣಾ, ಕ್ಷಮಿಸ್ಬಿಡಿ. ನಿಮ್ಮ ಹೆಸರು ಕೆಡಿಸ್ಬಿಟ್ಟೆ" ಅಂದ.

ಭೀಮರಾಜ ಆ ಮುಖದಲ್ಲಿ ಕುಹಕ ಹುಡುಕಿದ. ಒಂದು ಚೂರು ಕುಹಕ ಸಿಕ್ಕಿದ್ದರೂ ಅವನು ಗೆಲ್ತಿದ್ದ. ಎದ್ದು ಕೂಗಾಡಿ, ಎಲೆ ಬಿಟ್ಟು ಹೋಗಬಹುದಿತ್ತು. ಸಿಗಲಿಲ್ಲ. ಓಬಳೇಶನ ಕಣ್ಣು ಎಲ್ಲಾ ಗೊತ್ತಿರೋನ ಕಣ್ಣು. ಗೊತ್ತಿದ್ದೂ ನಿಜವಾಗಿ ಕೇಳ್ತಿದ್ದ, ಅಣ್ಣನ ಮರ್ಯಾದೆ ಈ ಸಾಲಿನ ಮುಂದೆ ಉಳಿಯಲಿ ಅಂತ.

ಪಾತ್ರೆ ಹಿಡಿದು ಬಡಿಸ್ತಿದ್ದ ಗೋಪಾಲಮ್ಮ ಸೌಟು ನಿಲ್ಲಿಸಿ ಗಂಡನನ್ನ ನೋಡ್ತಾ ನಿಂತಳು. ಮರ ಹಸಿ ಇತ್ತು. ಇಷ್ಟು ಹೇಳಿದರೆ ಸಾಕಾಗಿತ್ತು. ಭೀಮರಾಜ ಬಾಯಿ ತೆರೆದ.

"ಓಗ್ಲಿ ಬುಡಪ್ಪ ಭೀಮರಾಜ" ಅಂದಳು ಅತ್ತೆ. "ಚಿಕ್ಕೋನು. ಒಸಾ ವರ್ಸ, ಮನ್ಸ್ನಾಗೆ ಇಟ್ಕಬ್ಯಾಡ. ಕ್ಷಮಿಸ್ದೆ ಅಂದ್ಬುಡು."

ಭೀಮರಾಜ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದ. ಎಲ್ಲರೂ ಅವನ ಬಾಯನ್ನೇ ನೋಡ್ತಿದ್ದರು.

"ಕ್ಷಮಿಸಿದೀನಿ ಬಿಡೋ" ಅಂದ.

ಮುನಿಕೆಂಪಮ್ಮ ಕಣ್ಣೊರೆಸಿಕೊಂಡು, ದೊಡ್ಡೋರ ಗುಣ ಅಂದ್ರೆ ಇದು ಅಂತ ಎಲ್ಲರಿಗೂ ಹೇಳಿದಳು. ಗೋಪಾಲಮ್ಮ ಗಂಡನ ಎಲೆ ದಾಟಿ ಹೋಗಿ ಓಬಳೇಶನ ಎಲೆಗೆ ಬಡಿಸಿದಳು. ಅವನು ಬೇಡ ಸಾಕು ಅಂದರೂ ಬಿಡದೆ ಇನ್ನೊಂದು ಸೌಟು ಹಾಕಿದಳು. ಭೀಮರಾಜ ತಲೆ ತಗ್ಗಿಸಿ ಮುದ್ದೆ ಮುರಿದ. ಸುಳ್ಳು ಹೇಳೋದ್ರಲ್ಲೂ ಇವನೇ ನನಗಿಂತ ಮೇಲಾದನಲ್ಲ ಅಂತ ಅವನ ಹೊಟ್ಟೆ ಧಗಧಗ ಉರೀತಿತ್ತು.